ರಾಮಾಂಜಿಯ ಮಗ್ಗಕ್ಕೆ ಕೈ ಹಾಕಿದೆವು

ಗೆಳೆಯರೇ, ಏಡ್ಸ್ ತಡೆಯಲೆಂದು ಹಿಂದೂಪುರದಲ್ಲಿ ನಾವೆಲ್ಲ ಸೇರಿ ಮಾಡಿಕೊಂಡಿರುವ ಸಮಿತಿ ಇವತ್ತು ಒಂದು ರೇಷ್ಮೆ ಸೀರೆಯನ್ನೇ ಹಾಳುಮಾಡಲು ಹೊರಟಿತ್ತು.

ಮಗ್ಗಕ್ಕೆ ಹೊಸ ನೂಲು ಏರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಬೂದಿ ಹಚ್ಚಿದ ಬೆರಳಿನಲ್ಲಿ ಹೊಸೆಯಬೇಕು. ಅಕ್ಕಪಕ್ಕದವರು ಬಂದು ಕೂತು ಮಾಡಿಕೊಡುವ ಕೆಲಸ. ನೇಕಾರ ರಾಮಾಂಜಿಗೆ ಎಚ್‌ಐವಿ ಇದೆಯೆಂದು ತಿಳಿದ ಮೇಲೆ ಯಾರೂ ಅವನ ಹೊಸಿಲು ತುಳಿದಿಲ್ಲ. ಹಾಗಾಗಿ ನಾವೇ ಹೋದೆವು: ನರ್ಸಮ್ಮ, ಲಾರಿ ಡ್ರೈವರ್ ಬಾಷಾ, ಕಟಿಂಗ್ ಶಾಪಿನ ನಾನು. ಮುಟ್ಟಿದರೆ ಅಂಟುವುದಿಲ್ಲ ಎಂದು ಬೀದಿಗೆಲ್ಲ ತೋರಿಸುವ ಹುಮ್ಮಸ್ಸಿನಲ್ಲಿ ಎಳೆಗಳನ್ನೆಲ್ಲ ಸಿಕ್ಕು ಮಾಡಿಟ್ಟೆವು.

"ರೋಗ ಇನ್ನೂ ಸಾಯ್ಸಿಲ್ಲ ಕಣ್ರಪ್ಪಾ, ನೀವೇ ಸಾಯ್ಸ್‌ಬುಡ್ತೀರ!" ಎಂದು ರಾಮಾಂಜಿ ತಲೆ ಚಚ್ಚಿಕೊಂಡ.

ಎದುರುಮನೆಯ ನಾರಾಯಣಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಡೆಯಲಾಗದೆ ಒಳಗೇ ಬಂದುಬಿಟ್ಟರು.

"ಅಯ್ಯಯ್ಯೋ, ಪಟ್ಟು ನೂಲು ಅದು, ರೇಷ್ಮೆ! ಲೇವಂಡಿ, ಎದ್ದೇಳ್ರಪ್ಪಾ!"

ರಾಮಾಂಜಿಯ ಪಕ್ಕ ಕೂತು, ಅವನ ಬೂದಿ ತಟ್ಟೆಗೇ ಬೆರಳಿಟ್ಟು, "ನನ್ನ ಕರೀಬಾರ್ದೇನ್ಲಾ?" ಎಂದು ಗದರಿದರು.

"ಕರೆದಿದ್ರೆ ಬತ್ತಿದ್ಯಾ ಅತ್ತೇ?"

ನಾರಾಯಣಮ್ಮ ತಲೆ ತಗ್ಗಿಸಿ ಸಿಕ್ಕು ಬಿಡಿಸುತ್ತ ಕೂತರು.

ಪಕ್ಕದ ಮನೆಯವರು ಇನ್ನೂ ಬಂದಿಲ್ಲ. ನಾಳೆ ಮತ್ತೆ ಹೋಗಿ ಕೆಲಸ ಕೆಡಿಸಬೇಕು.