ಷಡ್ಡಕರಿಗೊಂದು ಗಾಳದ ಕೋಲಿನ ಆಯಾರ

ಲಂಡನ್ನಿನ ಟ್ಯೂಬ್ ರೈಲಿನ ಬಾಗಿಲಿಗೆ ಸಿಕ್ಕಿ ಕೋಲು ಮುರಿಯಬಹುದಿತ್ತು. ಅಲ್ಲಿ ಉಳಿದರೆ ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ ಮುರಿಯಬಹುದಿತ್ತು. ಗಾಳ ಯಾರದಾದರೂ ಕೋಟಿಗೆ ಸಿಕ್ಕಿ ನಾನು ಅವರ ಹಿಂದೆ ಹಿಂದೆ ಅವರ ಸ್ಟೇಷನ್ನಿನವರೆಗೂ ಹೋಗಬೇಕಾಗಬಹುದಿತ್ತು. ಕಾಲುವೆಯ ದಂಡೆಯಲ್ಲಿ ಕಾಲು ಜಾರಬಹುದಿತ್ತು, ಸೈಕಲ್ಲಿನವನೊಬ್ಬ ಗುದ್ದಬಹುದಿತ್ತು, ಬಾತುಕೋಳಿಯೊಂದು ಗಾಳ ನುಂಗಬಹುದಿತ್ತು. ಹೀಥ್ರೂ ವಿಮಾನನಿಲ್ದಾಣದಲ್ಲಿ ಇದೇನು ಆಯುಧವೆಂದು ಕೇಳಿ ಷಡ್ಡಕರನ್ನು ಒಳಕೋಣೆಗೆ ಕರೆದೊಯ್ಯಬಹುದಿತ್ತು. ಅಗ್ಗದ್ದು ತಂದರೆ ನಾನು ಜಿಪುಣನೆಂದು ಧಾರವಾಡದವರೆಗೆ ಸುದ್ದಿಯಾಗಬಹುದಿತ್ತು. ದುಬಾರಿಯದು ತಂದರೆ ಮೆರೆಯುತ್ತಾನೆ ಎಂದು ಬೆಳಗಾವಿಯವರೆಗೆ. ಎಲ್ಲಾ ಸರಿಹೋಗಿ, ಷಡ್ಡಕರು ಅದನ್ನು ನಗುನಗುತ್ತ ತೆಗೆದುಕೊಂಡು, ಊರಿಗೆ ಒಯ್ದು, ಮಂಚದ ಕೆಳಗೆ ತಳ್ಳಿ ಮರೆತುಬಿಡಬಹುದಿತ್ತು.

ನಾನು ಚಿಂತೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುವ ಮನುಷ್ಯ. ಆ ಪಟ್ಟಿಯಲ್ಲಿ ಹದಿನೇಳು ಇದ್ದವು. ನಿಜವಾಗಿ ಹೆದರಿದ್ದು ಕೊನೆಯದಕ್ಕೆ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕೆನಡಾದ ವಿನ್ನಿಪೆಗ್‌ನಲ್ಲಿರುತ್ತಾರೆ. ಅಲ್ಲಿಯ ಸರೋವರಗಳಲ್ಲಿ ವಾಲೈ ಎಂಬ ಮೀನಿದೆ; ಕಣ್ಣು ಗಾಜಿನ ಗೋಲಿಯ ಹಾಗೆ ಮಬ್ಬುಬಿಳಿ. ಅದನ್ನು ಹಿಡಿಯುವುದೇ ಇಪ್ಪತ್ತು ವರ್ಷಗಳಿಂದ ಅವರ ಭಾನುವಾರ. ನಮ್ಮೆರಡೂ ಮನೆಗಳಲ್ಲಿ ಮೀನು ತಿನ್ನುವವರಿಲ್ಲ. ಷಡ್ಡಕರು ಹಿಡಿದ ಮೀನಿನ ಬಾಯಿಂದ ಗಾಳ ಬಿಡಿಸಿ, 'ಹೋಗಪ್ಪಾ, ಮನೀಗ್ ಹೋಗು' ಎಂದು ಮತ್ತೆ ನೀರಿಗೆ ಬಿಡುತ್ತಾರೆ. ಹೋದ ವರ್ಷ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಮಾತ್ರ ಅರ್ಧವೇ ಮರಳಿತು. ಹಳೆಯ ಭಾರದ ಕೋಲು ಹತ್ತು ನಿಮಿಷ ಹಿಡಿದರೆ ಕೈ ನಡುಗಿತಂತೆ. ಅಂದೇ ಮನೆಗೆ ಬಂದು ಕೋಲು, ದಾರ ಸುತ್ತುವ ರೀಲು, ಪೆಟ್ಟಿಗೆ ಎಲ್ಲವನ್ನೂ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು.

"ಕೈ ವಾಸಿ ಆಗೇದ, ಮನಷ್ಯಾ ವಾಸಿ ಆಗಿಲ್ಲ" ಎಂದು ಅಕ್ಕ ಫೋನಿನಲ್ಲಿ ನನ್ನ ಹೆಂಡತಿಗೆ ಹೇಳಿದಳು. "ಭಾನವಾರ ಬಂತಂದ್ರ ಕಿಡಕಿ ಮುಂದ ಕುಂತು ಹವಾಮಾನ ನೋಡ್ತಾರ. ಹೊರಗ ಹೋಗಾಕ ಅಲ್ಲ, ಸುಮ್ನ ನೋಡಾಕ. ಹೊಸಾದು ತರೋಣು ಅಂದ್ರ ಬ್ಯಾಡ ಅಂತಾರ."

ಸೆಪ್ಟೆಂಬರಿನಲ್ಲಿ ಅವರಿಬ್ಬರೂ ಎರಡು ವಾರಕ್ಕೆ ರೇನರ್ಸ್ ಲೇನಿನ ನಮ್ಮ ಮನೆಗೆ ಬರುವವರಿದ್ದರು. ಷಡ್ಡಕರಿಗೆ ಅದೇ ಆಗ ಅರವತ್ತು ತುಂಬಿತ್ತು. ಆರತಿ ಮಾಡಿ ಆಯಾರ ಮಾಡುವುದೆಂದು ಹೆಂಡತಿ ತೀರ್ಮಾನಿಸಿದ್ದಳು. ಆಯಾರವೆಂದರೆ ನಮ್ಮ ಕಡೆ ಶುಭಕಾರ್ಯದಲ್ಲಿ ನೆಂಟರಿಗೆ ಕೊಡುವ ಬಟ್ಟೆಬರೆ. ಅದಕ್ಕೆ ಎರಡು ಕಟ್ಟಳೆ. ಒಂದು, ಬೇಡ ಎನ್ನುವಂತಿಲ್ಲ. ಎರಡು, ಕೊಟ್ಟವರ ಕಣ್ಣೆದುರೇ ಒಂದು ಸಲ ಉಟ್ಟು ತೋರಿಸಬೇಕು. ನನ್ನ ಮದುವೆಯಲ್ಲಿ ಬಂದ ಗಿಳಿಹಸಿರು ಸಫಾರಿಯನ್ನು ನಾನು ಹಾಗೆಯೇ ತೊಟ್ಟು ಒಂದು ಮಧ್ಯಾಹ್ನವಿಡೀ ಓಡಾಡಿದ್ದೇನೆ. ಬೇಡ ಎನ್ನುವ ಮನುಷ್ಯನಿಗೆ ಕೋಲು ಹಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಹೊಳೆಯಲಿಲ್ಲ.

"ಆಯಾರದಾಗ ಮೀನ ಹಿಡಿಯೂ ಕೋಲೇನ್ರಿ?" ಎಂದಳು ಹೆಂಡತಿ. "ಅದೂ ಕೆನಡಾದ ಮೀನಿಗೆ ಲಂಡನ್ನಿನ ಕೋಲು! ಅಲ್ಲೇ ಮೂಲಿಮೂಲಿಗೆ ಸಿಗೂದನ್ನ ಇಲ್ಲಿಂದ ಹೊರಿಸಿ ಕಳಸ್ತೀರಿ?"

"ಅಲ್ಲಿ ಸಿಗೂದನ್ನ ಅವರು ತರಂಗಿಲ್ಲಲ್ಲ."

"ಹಂಗಾರ ಸರಿಯಾಗಿ ನೋಡಿ ತರ್ರಿ" ಎಂದಳು. "ಕಡಿಮಿದು ತಂದ್ರ ಅಕ್ಕ ಮಾರಿ ಸಣ್ಣ ಮಾಡ್ತಾಳ. ಭಾಳ ಮೇಲಿಂದು ತಂದ್ರ ನಾಳೆ ಭಾವ ಅದಕ್ಕ ಸರಿಯಾಗಿ ತಿರಗಿ ಮಾಡಬೇಕಂತ ಒದ್ದಾಡ್ತಾರ. ನಡುವಿಂದು ತರ್ರಿ."

ನಡುವಿನದು ಎಂದರೆ ಯಾವುದು ಎಂಬುದರ ಮೇಲೆ ನಾನು ಮೂರು ವಾರ ಕಳೆದೆ. ಅಂತರ್ಜಾಲದಲ್ಲಿ ವಾಲೈ ಹಿಡಿಯುವವರು ನನಗಿಂತ ಹೆಚ್ಚು ಚಿಂತೆ ಮಾಡುವ ಜನ. ಓದುತ್ತ ಓದುತ್ತ ಬಂಧುಗಳ ನಡುವೆ ಬಂದಂತಾಯಿತು. ಕೊನೆಗೆ ಒಂದು ಶನಿವಾರ ಹೌನ್ಸ್ಲೋ ಕಡೆಯ ಒಂದು ಪುಟ್ಟ ಅಂಗಡಿಗೆ ಹೋದೆ. ಗಾಳ, ಹುಳು, ಬಲೆ, ಮಡಚುವ ಕುರ್ಚಿಗಳ ನಡುವೆ ಒಬ್ಬ ಮುದುಕ ಕುಳಿತಿದ್ದ. ವಾಲೈಗೆ ಕೋಲು ಬೇಕು ಎಂದೆ.

"ಈ ದೇಶದಲ್ಲಿ ವಾಲೈ ಇಲ್ಲ, ಸ್ವಾಮಿ" ಎಂದ ಅವನು ತನ್ನ ಇಂಗ್ಲಿಷಿನಲ್ಲಿ. "ಅದರ ದಾಯಾದಿ ಝ್ಯಾಂಡರ್ ಇದೆ. ಅದಕ್ಕಾಗುವ ಕೋಲು ಇದಕ್ಕೂ ಆದೀತು. ಎರಡೂ ತಳದಲ್ಲಿರುತ್ತವೆ, ಎರಡೂ ಮೆಲ್ಲಗೆ ಕಚ್ಚುತ್ತವೆ. ಯಾರಿಗೆ?"

ನಾನು ಹೇಳಿದೆ. ಮಣಿಕಟ್ಟಿನಿಂದ ಹಿಡಿದು ಕಿಟಕಿಯವರೆಗೆ, ಕೇಳದ್ದನ್ನೂ ಹೇಳಿದೆ. ಆತ ಎದ್ದು ಮೂರು ಕೋಲುಗಳನ್ನು ತಂದು ಮೇಜಿನ ಮೇಲಿಟ್ಟ. ಮೂರೂ ನಾಲ್ಕು ತುಂಡಾಗಿ ಬಿಚ್ಚುವಂಥವು, ಸೂಟ್‌ಕೇಸಿನಲ್ಲಿ ಮಲಗುವಂಥವು, ಜೋಡಿಸಿದರೆ ಏಳಡಿ. ಒಂದು ಗಾಜಿನ ನಾರಿನದು, ಅಗ್ಗ. ಒಂದು ತೆಳ್ಳನೆಯ ಕಾರ್ಬನ್ನಿನದು. ಅದರ ಬೆಲೆಯ ಚೀಟಿಯನ್ನು ನಾನು ಎರಡು ಸಲ ಓದಿದೆ. ನಡುವಿನದೂ ಕಾರ್ಬನ್, ಆದರೆ ಬಣ್ಣವಿಲ್ಲ, ಹೊಳಪಿಲ್ಲ, ಯಾರದೋ ಮನೆಯ ಪರದೆ ಕೋಲಿನಂತಿತ್ತು.

"ಹಿಡಿದು ನೋಡಿ."

ನಾನು ಎಡಗೈಯಲ್ಲಿ ಹಿಡಿದೆ. ನನ್ನ ಎಡಗೈ ಹುಟ್ಟಿದಾಗಿನಿಂದ ಸೋಮಾರಿ. ಷಡ್ಡಕರ ಬಲಗೈಗೆ ಅದೇ ಸರಿಜೋಡಿ ಎಂದು ಲೆಕ್ಕ ಹಾಕಿದ್ದೆ. ಫೋನಿನಲ್ಲಿ ಹತ್ತು ನಿಮಿಷದ ಗಂಟೆ ಇಟ್ಟು, ಅಂಗಡಿಯ ನಟ್ಟನಡುವೆ, ಕೆರೆಯೆದುರು ನಿಂತವನಂತೆ ತೋಳು ಚಾಚಿ ನಿಂತೆ. ಹುಳು ಕೊಳ್ಳಲು ಬಂದ ಇಬ್ಬರು ನನ್ನ ಕೋಲಿನ ಕೆಳಗೆ ಬಗ್ಗಿ ಹೋದರು. ಗಾಜಿನ ನಾರಿನದು ನಾಲ್ಕನೆಯ ನಿಮಿಷಕ್ಕೇ ಭುಜ ಹಿಡಿಯಿತು. ದುಬಾರಿಯದು ಕೈಯಲ್ಲಿದೆಯೋ ಇಲ್ಲವೋ ಎನ್ನುವಷ್ಟು ಹಗುರ. ಹತ್ತೂ ನಿಮಿಷ ನನಗೆ ಕೋಲಿನದೇ ಚಿಂತೆ, ತೋಳಿನದಲ್ಲ. ಮೂರನೆಯದಾಗಿ ಆ ಸಾದಾ ಕೋಲು ಹಿಡಿದು, ಗಂಟೆ ಬಾರಿಸುವವರೆಗೂ ತೋಳು ನೋಯದೆ ನಿಂತಾಗ ಮುದುಕ ನನಗೂ ಒಂದು ಲೋಟ ಚಹಾ ತಂದ.

"ಈಗ ಕಣ್ಣು ಮುಚ್ಚಿ" ಎಂದ. ಮುಚ್ಚಿದೆ. ಅಂಗಡಿಯ ಆ ತುದಿಯಲ್ಲಿ ಆತ ಕೋಲಿನ ತುದಿಯನ್ನು ಬೆರಳಿನಿಂದ ಮುಟ್ಟುತ್ತಿದ್ದನಂತೆ. ಗಾಜಿನ ನಾರಿನ ಕೋಲಿನಲ್ಲಿ ಏನೂ ತಿಳಿಯಲಿಲ್ಲ. ಸಾದಾ ಕಾರ್ಬನ್ನಿನದರಲ್ಲಿ ಅಂಗೈಗೆ 'ಟಕ್' ಎಂದಿತು, ಪಕ್ಕದ ಕೋಣೆಯಲ್ಲಿ ಯಾರೋ ಲೇಖನಿ ಕೆಳಗಿಟ್ಟ ಹಾಗೆ. ದುಬಾರಿಯದರಲ್ಲೂ ಅದೇ 'ಟಕ್', ತುಸು ಸ್ಫುಟವಾಗಿ.

"ವ್ಯತ್ಯಾಸ ಇಷ್ಟೇನಾ?" ಎಂದೆ.

"ಇಷ್ಟೇ. ದುಬಾರಿಯದು ಕಲ್ಲಿಗೆ ತಾಗಿದರೆ ಚಟ್ಟನೆ ಮುರಿಯುತ್ತದೆ ಬೇರೆ. ಕೋಲಿನ ಮೈಗೆ ಕೊಡಿ ದುಡ್ಡು, ಬಣ್ಣಕ್ಕೆ ಕೊಡಬೇಡಿ. ದಾರ ಹಾಯುವ ಉಂಗುರಗಳು ಒರಟಾಗಿಲ್ಲವೋ ನೋಡಿ. ಹಿಡಿ ಮೆತ್ತಗಿದೆಯೋ ನೋಡಿ. ಮುಗಿಯಿತು." ನಡುವಿನದಕ್ಕೆ ಒಂದು ಪುಟ್ಟ ರೀಲನ್ನು ಸಿಕ್ಕಿಸಿ, ಇಡೀ ಕೋಲನ್ನು ಒಂದೇ ಬೆರಳ ಮೇಲೆ ನಿಲ್ಲಿಸಿ ತೋರಿಸಿದ. ಅದು ತಕ್ಕಡಿಯ ದಂಡಿಗೆಯಂತೆ ನೆಟ್ಟಗೆ ನಿಂತಿತು. "ಹೀಗೆ ನಿಂತರೆ ಮಣಿಕಟ್ಟಿಗೆ ಕೆಲಸವಿಲ್ಲ."

ಹಿಡಿ ಕಾರ್ಕಿನದು. ಬೆಚ್ಚಗೆ, ಮೆತ್ತಗೆ, ತುಸು ಒರಟಾಗಿ, ಹೊಸ ಚಪ್ಪಲಿಯ ಒಳಮೈಯಂತೆ. ರಬ್ಬರಿನ ಹಿಡಿ ಇನ್ನೂ ಅಗ್ಗಕ್ಕಿತ್ತು. ಅಂಗೈ ನೋಯುವವರಿಗೆ ಕಾರ್ಕೇ ಸರಿ ಎಂದು ನಾನೇ ಹಟ ಹಿಡಿದೆ. ಇದನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಬರುವಾಗ ಟ್ಯೂಬಿನ ಪಿಕ್ಯಾಡಿಲಿ ಲೈನಿನಲ್ಲಿ ಕೋಲಿನ ಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಕುಳಿತೆ. ಬಾಗಿಲು ಕಚ್ಚಲಿಲ್ಲ. ಲಿಫ್ಟೂ ಕಚ್ಚಲಿಲ್ಲ. ಪಟ್ಟಿಯಲ್ಲಿ ಎರಡು ಹೊಡೆದುಹಾಕಿದೆ. ಮನೆಗೆ ಬಂದವನೇ ಷಡ್ಡಕರ ಹೆಸರಿಗೂ ನನ್ನ ಹೆಸರಿಗೂ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿದೆ. ಹೆಂಡತಿಗೂ ಮಾಡಿಸಹೊರಟೆ. "ನಾ ಏನ್ ಹಿಡಿಯಾಕಿ?" ಎಂದಳು. ಪಕ್ಕದಲ್ಲಿ ನಿಂತರೆ ತಪಾಸಣೆಯವರಿಗೆ ಅನುಮಾನ ಬಂದೀತಲ್ಲ ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಲ್ಯಾಪ್‌ಟಾಪ್ ಮುಚ್ಚಿದೆ.

ಅವರು ಬಂದ ನಾಲ್ಕನೆಯ ದಿನ, ಶನಿವಾರ ಬೆಳಿಗ್ಗೆ, ಷಡ್ಡಕರನ್ನು ಮಣೆಯ ಮೇಲೆ ಕೂರಿಸಿದೆವು. ಆರತಿಯಾಯಿತು. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆಅಡಿಕೆ, ಒಂದು ಪಂಚೆ. ಅದರ ಮೇಲೆ ಉದ್ದನೆಯ ಚೀಲ. ಅವರು ಜಿಪ್ ಎಳೆದರು. ಒಳಗಿನದು ಕಂಡೊಡನೆ ಮುಖದ ನಗು ಹಾಗೇ ನಿಂತುಹೋಯಿತು.

"ತಮ್ಮಾ," ಎಂದರು ಮೆಲ್ಲಗೆ, "ಇದು ಬ್ಯಾಡಾಗಿತ್ತೋ."

ಪಟ್ಟಿಯ ಹದಿನೇಳನೆಯದು ಬಂದು ನನ್ನ ಸೋಫಾದ ಮೇಲೆ ಕುಳಿತಿತು ಅನ್ನಿಸಿತು.

ಮಾತಾಡಿದ್ದು ಅಕ್ಕ. "ಆಯಾರ ಬ್ಯಾಡ ಅನ್ನೂದು ಯಾವ ಊರಾಗ ಕಲತ್ರಿ?" ಎಂದು ಜೋರು ಮಾಡಿದಳು. "ಪಂಚೆ ಉಟ್ಕೋತೀರಿಲ್ಲೋ? ಹಂಗ ಇದನ್ನೂ ಕಾಲುವಿಗೆ ಒಯ್ದು ಒಮ್ಮಿ ಹಿಡೀಬೇಕು. ಮ್ಯಾಲ ಬೇಕಾರ ಒಗೀರಿ."

"ಪಂಚೆ ಉಟ್ಟು ಕಾಲುವಿಗೆ ಹೋಗ್ಲೇನು?"

"ಪ್ಯಾಂಟ್ ನಡೀತದ್ರಿ ಅಣ್ಣಾರ" ಎಂದೆ ನಾನು, ನಿಯಮದ ಪ್ರಕಾರವೇ ಎಂಬಂತೆ.

ಅವರಿಗೆ ನಗು ಬಂತು. ಅಷ್ಟು ಹೊತ್ತಿಗೆ ನನ್ನ ಹೆಂಡತಿ, ಹೊಸ ವಸ್ತು ಹಾಗೇ ಹೊರಗೆ ಹೋಗಬಾರದು ಎಂದು, ಒದ್ದೆ ಅರಿಶಿನವನ್ನು ಕೋಲಿನ ಹಿಡಿಗೆ ಮೇಲಿಂದ ಕೆಳಗಿನವರೆಗೆ ಸವರಿ, ಮೇಲೆ ಕುಂಕುಮದ ಬೊಟ್ಟಿಟ್ಟಳು. ನಾನು ಆಗ ಕಾಲುವೆಗೆ ಹೋಗುವ ಬಸ್ಸಿನ ಚಿಂತೆಯಲ್ಲಿದ್ದೆ.

ಮಧ್ಯಾಹ್ನ ನಾವಿಬ್ಬರೇ ಗ್ರ್ಯಾಂಡ್ ಯೂನಿಯನ್ ಕಾಲುವೆಗೆ ಹೋದೆವು. ದಂಡೆಯಲ್ಲಿ ನಿಂತು ಷಡ್ಡಕರು ಕೋಲು ಜೋಡಿಸಿದರು. ಬೆರಳುಗಳಿಗೆ ಕೆಲಸ ನೆನಪಿತ್ತು. ಮೊದಲ ಬೀಸು ನಮ್ಮ ಕಾಲಿನಿಂದ ಮೂರಡಿ ಆಚೆ ಬಿತ್ತು. ಅವರು ದಾರ ಸುತ್ತಿಕೊಂಡು ಮತ್ತೆ ಬೀಸಿದರು. ಐದನೆಯದು ಎದುರು ದಂಡೆಯ ಹತ್ತಿರ ಹೋಯಿತು. ನಾನು ಕದ್ದು ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷ. ಹದಿನೈದು. ಮಣಿಕಟ್ಟು ನಡುಗುತ್ತಿರಲಿಲ್ಲ, ನಡುಗುತ್ತಿದ್ದದ್ದು ಸೈಕಲ್ ಗಂಟೆ ಕೇಳಿದಾಗಲೆಲ್ಲ ಹಾರಿಬೀಳುತ್ತಿದ್ದ ನಾನು.

ಇದ್ದಕ್ಕಿದ್ದಂತೆ ಅವರು ಕೋಲೆತ್ತಿ ಎಳೆದರು. ಗಾಳ ಬರಿದೇ ಬಂತು.

"ತಪ್ಪಿಸ್ಕೊಂಡ್ತು ಭಾಡ್ಯಾ!" ಎಂದು ಕೂಗಿದರು. ದಂಡೆಗೆ ಕಟ್ಟಿದ ದೋಣಿಯೊಂದರಲ್ಲಿ ಪೇಪರು ಓದುತ್ತಿದ್ದವನು ತಲೆಯೆತ್ತಿ ನೋಡಿದ. "ತಿಳೀತೋ ತಮ್ಮಾ, ಅಂಗೈಯಾಗ ತಿಳೀತು! ಟಕ್ ಅಂತು! ನಾನ ತಡಾ ಮಾಡಿದೆ."

"ಮನಿಗೆ ಹೋಗೋಣೇನ್ರಿ? ಒಮ್ಮಿ ಹಿಡಿದಂಗಾತಲ್ಲ, ಆಯಾರದ ಕಟ್ಟಳಿ ಮುಗೀತು."

"ಸುಮ್ನ ಕುಂದರು. ಅದು ಅಲ್ಲೇ ಐತಿ."

ನಾವು ಐದು ಗಂಟೆಯವರೆಗೆ ಕುಳಿತೆವು. ಒಂದು ಮೀನೂ ಬರಲಿಲ್ಲ. ಬರುವ ದಾರಿಯುದ್ದಕ್ಕೂ ಷಡ್ಡಕರು ಬಾರದ ಆ ಮೀನಿನ ಉದ್ದವನ್ನು ಬೆಳೆಸುತ್ತ ಬಂದರು. ರೇನರ್ಸ್ ಲೇನ್ ತಲುಪುವಾಗ ಅದು ಮೊಣಕೈವರೆಗೆ ಬಂದಿತ್ತು. ಅವರು ಹೊರಟ ದಿನ ಹೀಥ್ರೂವಿನಲ್ಲೂ ಯಾರೂ ಅವರನ್ನು ಒಳಕೋಣೆಗೆ ಕರೆಯಲಿಲ್ಲ.

ಮೂರು ವಾರದ ಮೇಲೆ, ಒಂದು ಭಾನುವಾರ, ವಿನ್ನಿಪೆಗ್‌ನಿಂದ ಫೋಟೋ ಬಂತು. ಸರೋವರ, ಉಣ್ಣೆಯ ಟೋಪಿ, ಎರಡೂ ಕೈಯಲ್ಲಿ ಹಿಡಿದ ಗಾಜುಗಣ್ಣಿನ ವಾಲೈ. ನಾನು ಹಿಗ್ಗಿ ಫೋಟೋವನ್ನು ದೊಡ್ಡದು ಮಾಡಿದೆ. ಬಲಗೈ ಅಚ್ಚ ಹಳದಿ. ಅಂಗಿಯ ತೋಳು, ಟೋಪಿಯ ಅಂಚು, ಮೂಗಿನ ತುದಿ ಹಳದಿ. ಮೀನಿನ ಹೊಟ್ಟೆಯ ಮೇಲೂ ಹಳದಿ ಬೆರಳಿನ ಗುರುತು. ಮೀನು ಹಾಗೆಯೇ ತನ್ನ ಮನೆಗೆ ಹೋಗಿರಬೇಕು.

ಬೆನ್ನಿಗೇ ನನ್ನ ಹೆಂಡತಿಗೆ ಅಕ್ಕನ ಫೋನು. "ನಿನ್ನ ಗಂಡಗ ಹೇಳು, ರಬ್ಬರಿಂದು ತರಬೇಕಿತ್ತಂತ. ಆ ಕಾರ್ಕು ಅರಿಷಿಣ ಎಲ್ಲಾ ಕುಡದೈತಿ. ಪ್ರತಿ ಭಾನವಾರ ಕೈ ಒದ್ದಿ ಆತಂದ್ರ ಬಣ್ಣಾ ಬಿಡ್ತೈತಿ. ಮನ್ಯಾಗ ಒಂದು ಬಿಳೇ ಟವೆಲ್ ಉಳಿದಿಲ್ಲ."

ಪಟ್ಟಿ ತೆಗೆದು ಮತ್ತೊಮ್ಮೆ ನೋಡಿದೆ. ಹದಿನೇಳರಲ್ಲಿ ಅರಿಶಿನ ಇರಲಿಲ್ಲ.