ಒಂದಕ್ಷರ ತಪ್ಪದ ಪ್ರಾರ್ಥನೆ

ನಮ್ಮ ಮನೆಯ ಕುಕ್ಕರಿಗೂ ನನ್ನ ಪ್ರಾರ್ಥನೆಗೂ ಬಹಳ ವರ್ಷಗಳ ಒಪ್ಪಂದ. ಸಂಜೆ ನನ್ನ ಹೆಂಡತಿ ಸುಗುಣಾ ಅನ್ನಕ್ಕಿಟ್ಟು ಬಂದು ಚಾಪೆಯ ಮೇಲೆ ಕೂತಳೆಂದರೆ ನಾನು ಕಣ್ಣು ಮುಚ್ಚುತ್ತೇನೆ. ‘ಪರಲೋಕದ ತಂದೆಯೇ’ ಎಂದು ಶುರುಮಾಡಿ, ರೋಗಿಗಳನ್ನೂ ಪ್ರಯಾಣಿಕರನ್ನೂ ದೇಶವಾಳುವವರನ್ನೂ ಸಾಲಾಗಿ ದೇವರಿಗೆ ಒಪ್ಪಿಸಿ, ‘ಆಮೆನ್’ ಎನ್ನುವ ಹೊತ್ತಿಗೆ ಸರಿಯಾಗಿ ಮೂರನೆಯ ಸೀಟಿ. ಒಮ್ಮೆ ಸೀಟಿ ತಡವಾದಾಗ ಅವಳು ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದಳೇ ಹೊರತು ನನ್ನನ್ನು ಅನುಮಾನಿಸಲಿಲ್ಲ. ಇದನ್ನು ನಾನು ಹೊಗಳಿಕೆಯೆಂದೇ ತಿಳಿದು ಬದುಕಿದ್ದೆ, ಗೆಳೆಯರೇ. ಮನುಷ್ಯ ತನ್ನ ಬಗ್ಗೆ ಎಷ್ಟು ಸಲೀಸಾಗಿ ಸಂತೋಷಪಡುತ್ತಾನೆ ಎನ್ನುವುದನ್ನು ನೆನೆದರೆ ಈಗ ಹಲ್ಲು ಕಡಿಯುವಂತಾಗುತ್ತದೆ.

ಓದಿದ್ದು ಏಳನೆಯ ತರಗತಿ. ಹರಿಹರದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಕಸುಬು. ನಾನು ಸುತ್ತಿಕೊಟ್ಟ ಮೋಟಾರು ಅದೇ ವರ್ಷ ವಾಪಸು ಬಂದದ್ದಿಲ್ಲ. ಇದನ್ನು ಜಂಬವೆಂದರೂ ಚಿಂತೆಯಿಲ್ಲ, ದುಡಿದು ಗಳಿಸಿದ ಜಂಬ. ಆದರೆ ಚರ್ಚಿನಲ್ಲಿ ಮಾತ್ರ ಬಾಯಿಗೆ ಮಾತು ಬರುತ್ತಿರಲಿಲ್ಲ. ಮೇಷ್ಟ್ರುಗಳು, ಬ್ಯಾಂಕಿನವರು ಎದ್ದು ನಿಂತು ನಿರರ್ಗಳವಾಗಿ ಪ್ರಾರ್ಥಿಸುವಾಗ ನಾನು ಬೆಂಚಿನ ತುದಿಯಲ್ಲಿ ಬೆವರುತ್ತಿದ್ದೆ. ಅದನ್ನು ಕಂಡ ಮುದುಕರಾದ ಉಪದೇಶಿಯೊಬ್ಬರು ಒಂದು ಪ್ರಾರ್ಥನೆಯನ್ನು ಉದ್ದಕ್ಕೂ ಹೇಳಿಕೊಟ್ಟು, ‘ಇದನ್ನ ಹಿಡ್ಕೊಂಡು ನಡಿಯೋದು ಕಲಿ, ಆಮೇಲೆ ನೀನೇ ಓಡ್ತಿ’ ಎಂದರು. ನಾನು ಹಿಡಿದುಕೊಂಡೆ. ಓಡಲಿಲ್ಲ. ಗೃಹಪ್ರವೇಶ, ನಿಶ್ಚಿತಾರ್ಥ, ಹುಟ್ಟುಹಬ್ಬ ಎಲ್ಲದಕ್ಕೂ ಅದೇ ಪ್ರಾರ್ಥನೆ ಸಲ್ಲಿತು. ಜನ ‘ಯೋಹಾನಣ್ಣಾರ ಪ್ರಾರ್ಥನೆ ಅಂದ್ರೆ ಗಂಗಾಳದಾಗೆ ಮುತ್ತು ಸುರಿದಂಗೆ’ ಎಂದರು. ಸಭೆಯ ಹಿರಿಯನನ್ನಾಗಿ ಮಾಡಿದರು. ಶಾಲೆ ಕೊಡದಿದ್ದ ಸರ್ಟಿಫಿಕೇಟನ್ನು ಆ ಬಾಯಿಪಾಠ ಕೊಟ್ಟಿತ್ತು. ಅದನ್ನು ಯಾರು ತಾನೇ ಕೈಬಿಡುತ್ತಾರೆ?

ಭಾನುವಳ್ಳಿಯ ದಾನಪ್ಪ ತೀರಿಕೊಂಡ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ. ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟ. ಮಣ್ಣು ಮಾಡಿದ ಮೂರನೆಯ ದಿನ ಸತ್ತವರ ಮನೆಯಲ್ಲಿ ಕೂಡಿ ಪ್ರಾರ್ಥಿಸುವುದು ನಮ್ಮ ಸಭೆಯ ರೂಢಿ. ಪಾಸ್ಟರು ಪರಸ್ಥಳದಲ್ಲಿದ್ದುದರಿಂದ ಆ ಕೆಲಸ ನನಗೆ ಬಂತು. ಸುಗುಣಾಳ ಜೊತೆ ಹೋದೆ, ನಿಂತೆ, ಪ್ರಾರ್ಥಿಸಿದೆ. ಎಲ್ಲರೂ ಆಮೆನ್ ಎಂದರು. ಚಹಾ ಕುಡಿದು ಬಂದೆವು.

ಅದಾದ ಮೇಲೆ ದಾನಪ್ಪನ ಹೆಂಡತಿ ಎಸ್ತರಮ್ಮ ಮೂರು ಭಾನುವಾರ ಚರ್ಚಿಗೆ ಬರಲಿಲ್ಲ. ದುಃಖದಲ್ಲಿ ವಿಶ್ವಾಸ ಸಡಿಲಾಗುವುದುಂಟು, ಹಿರಿಯನಾದ ನಾನು ಒಂದೆರಡು ಬುದ್ಧಿಮಾತು ಹೇಳಬೇಕು ಎಂದುಕೊಂಡು ಸ್ಕೂಟರ್ ಹತ್ತಿದೆ. ಕಾಲುವೆಯ ಪಕ್ಕದ ದಾರಿಯುದ್ದಕ್ಕೂ ಆ ಬುದ್ಧಿಮಾತುಗಳನ್ನು ಜೋಡಿಸಿಕೊಂಡೆ. ಬಾಗಿಲಲ್ಲೇ ನಿಂತು, “ಯಾಕವ್ವ ಎಸ್ತರಮ್ಮ, ದೇವ್ರ ಮ್ಯಾಲೆ ಸಿಟ್ಟು ಬಂತೇನು?” ಎಂದೆ.

“ದೇವ್ರ ಮ್ಯಾಲೆ ಯಾಕ ಸಿಟ್ಟು ಮಾಡ್ಕಳ್ಳಿ ಅಣ್ಣಾರೆ? ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ನನ್ನ ಗಂಡನ್ನ ಮಣ್ಣಿಗಿಟ್ಟ ಮೂರನೇ ದಿನ ನಮ್ಮ ಮನ್ಯಾಗೆ ಏನು ಸಂತೋಷ ಇತ್ತು?”

“ಯಾರಂದ್ರು ಸಂತೋಷ ಅಂತ?”

“ನೀವಾ ಅಂದ್ರಲ್ರಿ. ಈ ಸಂತೋಷದ ಗಳಿಗೇಲಿ ನಮ್ಮನ್ನ ಈ ಮನ್ಯಾಗೆ ಕೂಡಿಸಿದ್ದಕ್ಕೆ ಸ್ತೋತ್ರ ಅಂದ್ರಿ. ಎಲ್ಲಾರೂ ಆಮೆನ್ ಅಂದ್ರು. ಆ ಮಂದಿ ನಡುವೆ ಹೆಂಗೆ ಬಂದು ಕೂಡ್ಲಿ, ಹೇಳ್ರಿ?”

“ನಾನು ಹಂಗಂದಿಲ್ಲವ್ವ! ದುಃಖದಾಗೆ ನಿಂಗೆ ಹಂಗೆ ಕೇಳ್ಸೈತೆ,” ಎಂದು ಜೋರು ಮಾಡಿದೆ. ಅವಳು ಒಳಗೆ ಹೋದಳು. ಕದ ಹಾಕಲಿಲ್ಲ, ಹಾಕಿದ್ದರೆ ವಾಸಿಯಿತ್ತು.

ಊರು ದಾಟುವ ಮುಂಚೆಯೇ ಸ್ಕೂಟರ್ ನಿಲ್ಲಿಸಿ, ಪ್ರಾರ್ಥನೆಯನ್ನು ಮೊದಲಿಂದ ಹೇಳಿಕೊಂಡೆ. ಎರಡನೆಯ ಸಾಲೇ ಅದು. ಸಂತೋಷದ ಗಳಿಗೆ. ಆ ಸಾಲನ್ನು ಬಿಟ್ಟು ಮೂರನೆಯದಕ್ಕೆ ಹೋಗಲು ನಡುರಸ್ತೆಯಲ್ಲಿ ಪ್ರಯತ್ನಿಸಿದೆ; ನಾಲಿಗೆ ಒಪ್ಪಲಿಲ್ಲ. ಅಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

ಮನೆಗೆ ಬಂದು ಸುಗುಣಾಳನ್ನು ಕೇಳಿದೆ, “ದಾನಪ್ಪನ ಮನ್ಯಾಗೆ ನಾನು ಸಂತೋಷ ಅಂದ್ನಾ?”

“ಅಂದಿರಬೇಕು. ಎಲ್ಲಾ ಕಡೆ ಅಂತೀರಲ್ಲ.”

“ಮತ್ತೆ ಅವತ್ತೇ ಯಾಕ ಹೇಳಲಿಲ್ಲ?”

“ಕೇಳಿದ್ದರೆ ತಾನೇ ಹೇಳೋದು? ನೀವು ಬಾಯಿ ತೆಗದ್ರೆ ನಾನು ನಾಳೆ ಪಲ್ಯಕ್ಕೇನು ಅಂತ ನೋಡ್ಕಳ್ತೀನಿ. ಆಮೆನ್ನು ತಾನಾಗೇ ಬರ್ತತೆ.”

ಇದಕ್ಕೆ ನಗಬೇಕೋ ಅಳಬೇಕೋ? ಭಾನುವಾರ ಚರ್ಚಿನಲ್ಲಿ, ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬ ಹಿರಿಯ ಜ್ಞಾನಪ್ಪನನ್ನು ಕೇಳಿದೆ. “ಏನ್ ಪ್ರಾರ್ಥನೆ ಅಣ್ಣಾರೆ ಅದು! ಒಂದಕ್ಷರ ತಪ್ಪಲಿಲ್ಲ ನೋಡ್ರಿ,” ಎಂದು ಕೈ ಕುಲುಕಿದ. ನನಗೆ ಅವನ ಕೈ ತಿರುವಿಬಿಡಬೇಕು ಎನಿಸಿತು. ಇಪ್ಪತ್ತು ಜನ ಕಣ್ಣು ಮುಚ್ಚಿ ನಿಂತಿದ್ದೆವಲ್ಲ, ಒಬ್ಬನಾದರೂ ಎಚ್ಚರವಾಗಿದ್ದನೇ? ನಿದ್ದೆಯಲ್ಲಿ ನಡೆಯುವವರನ್ನು ವೈದ್ಯರಿಗೆ ತೋರಿಸುತ್ತೇವೆ. ನಿದ್ದೆಯಲ್ಲಿ ಆರಾಧಿಸುವವರನ್ನು ಹಿರಿಯರನ್ನಾಗಿ ಮಾಡುತ್ತೇವೆ. ಹೊಸದಾಗಿ ನಂಬಿಕೆಗೆ ಬಂದವನು ತಡವರಿಸಿದರೆ ತಿದ್ದಲು ನಮಗೆ ಎಂಥ ಹುರುಪು! ನಾವು ಎಲ್ಲೂ ತಡವರಿಸದಿರುವುದೇ ಕಾಯಿಲೆ ಎಂದು ತಿದ್ದುವವರು ಯಾರು? ದೇವರೊಂದಿಗೆ ಸಲಿಗೆ ಬೆಳೆದು ಮಾತು ಕಡಿಮೆಯಾಗುವುದು ಬೇರೆ. ಮಾತು ಮಾತ್ರ ಉಳಿದು ಸಲಿಗೆಯೇ ಇಲ್ಲವಾಗುವುದು ಬೇರೆ. ಈ ಎರಡೂ ಹೊರಗಿನಿಂದ ನೋಡಲು ಒಂದೇ ಥರ ಇರುವುದು ದೊಡ್ಡ ತಾಪತ್ರಯ.

ಆ ವಾರವೇ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಮನೆಯ ಸಂಪಿನ ಮೋಟಾರು ನೋಡಲು ಹೋಗಿದ್ದೆ. ಬಿಚ್ಚಿದರೆ, ಹಿಂದೆ ಯಾರೋ ಪುಣ್ಯಾತ್ಮ ಸುಟ್ಟ ಎರಡು ಸುರುಳಿಗಳನ್ನು ತೆಗೆಯದೆ, ಅವನ್ನು ದಾಟಿಸಿ ತಂತಿ ಕೂಡಿಸಿ, ಮೇಲೆ ದಪ್ಪಗೆ ವಾರ್ನಿಷ್ ಬಳಿದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. “ಇಂಥೋನ ಕೈಗೆ ಕೊಡ್ತೀರೇನ್ರಿ ಮೋಟ್ರು? ಮ್ಯಾಲೆ ಥಳಥಳ, ಒಳಗೆ ಕರಕಲು!” ಎಂದು ಕೂಗಾಡಿದೆ.

ಮನೆಯ ಯಜಮಾನರು ತಣ್ಣಗೆ, “ಇಷ್ಟು ದಿನ ತಿರುಗ್ತಿತ್ತಲ್ರಿ ಮೇಸ್ತ್ರಿ,” ಎಂದರು.

“ತಿರುಗ್ತಿತ್ತು, ಸದ್ದೂ ಮಾಡ್ತಿತ್ತು. ಮ್ಯಾಲಿನ ಟ್ಯಾಂಕಿಗೆ ನೀರು ಏರ್ತಿತ್ತೇನ್ರಿ?”

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಆ ವಾರ್ನಿಷ್ ಬಳಿದವನನ್ನು ಬಯ್ಯಲು ಇನ್ನೂ ನಾಲ್ಕು ಮಾತು ಸಿದ್ಧವಿದ್ದವು, ಒಂದನ್ನೂ ಆಡಲಾಗಲಿಲ್ಲ. ಕೂತು ಹಳೆಯ ತಂತಿಯನ್ನು ಉಳಿಯಿಂದ ಕತ್ತರಿಸಿ ಕಿತ್ತೆ. ನಮ್ಮ ಕಸುಬಿನಲ್ಲಿ ಸುತ್ತುವುದಕ್ಕಿಂತ ಕೀಳುವುದೇ ಕಷ್ಟ. ಕೈ ತರಚುತ್ತದೆ, ಮಸಿ ಮೂಗಿಗೇರುತ್ತದೆ, ಯಾರೂ ಭೇಷ್ ಎನ್ನುವುದಿಲ್ಲ.

ಮತ್ತೆ ಭಾನುವಳ್ಳಿಗೆ ಹೋದೆ. ಈ ಸಲ ಬುದ್ಧಿಮಾತು ಯಾವುದೂ ಜೊತೆಗಿರಲಿಲ್ಲ. ಎಸ್ತರಮ್ಮ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. “ನಾನು ಅಂದಿದ್ದು ಖರೇ ಐತವ್ವ. ತಪ್ಪಾತು,” ಎಂದೆ. ಆ ಎರಡು ಮಾತಿಗೆ ನಾನು ಪಟ್ಟ ಪಾಡು ಹೇಳಿದರೆ ನೀವು ನಂಬಲಿಕ್ಕಿಲ್ಲ.

“ಕೂಡ್ರಿ,” ಎಂದಳು. ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ಆಚೆ ಎಸೆದು ಕೇಳಿದಳು, “ಅಣ್ಣಾರೆ, ಅವ್ರು ಚರ್ಚಿನಾಗೆ ಎಲ್ಲಿ ಇರ್ತಿದ್ರು, ನೆನಪೈತಾ?”

ನೆನಪಿತ್ತು. ದಾನಪ್ಪ ಹಿಂದುಗಡೆ, ಬಾಗಿಲ ಹತ್ತಿರ, ಗೋಡೆಗೆ ಕೈಕೊಟ್ಟು ನಿಂತಿರುತ್ತಿದ್ದ. ಭಕ್ತಿ ಸಾಲದ್ದಕ್ಕೆ, ಬೇಗ ಹೊರಗೆ ಹೋಗಲಿಕ್ಕೆ ಹಾಗೆ ನಿಲ್ಲುತ್ತಾನೆಂದು ನಾನೇ ಎಲ್ಲರೆದುರು, ‘ಬೆಂಚು ಖಾಲಿ ಐತಲ್ಲೋ, ಬಸ್ ಕಾಯೋರಂಗೆ ಯಾಕ ನಿಂತೀಯ’ ಎಂದು ಹಂಗಿಸಿದ್ದೆ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

“ವಾರವೆಲ್ಲಾ ಮೂಟೆ ಹೊತ್ತು ಸೊಂಟ ಹಿಡ್ಕಂತಿತ್ತು. ಕುಂತ್ರೆ ಏಳಾಕಾಗ್ತಿರಲಿಲ್ಲ. ಆ ಎರಡು ತಾಸು ನಿಂತ್ಕಂಡಾ ಇರೋರು. ಮನ್ಯಾಗೆ ಮಲಕ್ಕಳ್ರಿ ಅಂದ್ರೆ, ‘ಅಲ್ಲಿ ಹೋಗಿ ನಿಲ್ಲೋದು ಬ್ಯಾರೆ ಕಣೆ’ ಅನ್ನೋರು.” ಮೊರವನ್ನು ಪಕ್ಕಕ್ಕಿಟ್ಟು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಈಗ ಪ್ರಾರ್ಥನೆ ಮಾಡ್ರಿ.”

ಕಣ್ಣು ಮುಚ್ಚಿದೆ. ಹಳೆಯ ಸಾಲುಗಳು ಅಭ್ಯಾಸದಂತೆ ಓಡಿಬಂದು ನಾಲಿಗೆಯ ತುದಿಯಲ್ಲಿ ನಿಂತವು. ಅವನ್ನು ತಡೆದು ನಿಲ್ಲಿಸುವುದರಲ್ಲೇ ನನ್ನ ಶಕ್ತಿಯೆಲ್ಲ ಹೋಯಿತು. ಹಣೆಯಲ್ಲಿ ಬೆವರು ಬಂತು.

“ಸ್ವಾಮಿ, ದಾನಪ್ಪನಿಗೆ ಸೊಂಟ ನೋಯ್ತಿತ್ತು,” ಎಂದೆ. “ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.”

ಅಷ್ಟೇ. ಮುಂದಕ್ಕೆ ಒಂದು ಪದವಿಲ್ಲ. ದಾರಿಯಲ್ಲಿ ಟ್ರ್ಯಾಕ್ಟರೊಂದು ಹೋಯಿತು, ಅದರ ಸದ್ದು ಕಾಲುವೆಯ ಕಡೆ ಅಡಗಿತು. ನಾನಿನ್ನೂ ಹುಡುಕುತ್ತಲೇ ಇದ್ದೆ. ಕಳ್ಳಗಣ್ಣು ತೆರೆದು ನೋಡಿದರೆ, ಎಸ್ತರಮ್ಮ ಕೈ ಜೋಡಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಮುಂದಿನ ಮಾತಿಗೆ ಕಿವಿಗೊಟ್ಟು ಕಾಯುತ್ತಿದ್ದಳು.