ಟೈಪಿಂಗ್ ಮಾಮಿ ಶುರು ಮಾಡಿದ ಗುಂಪು

ಟೈಪಿಂಗ್ ಮಾಮಿಯ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಎದುರಿಗಿದ್ದವರು ಆಡಿದ ಮಾತನ್ನೆಲ್ಲ ಅವು ತೊಡೆಯ ಮೇಲೆ, ಸೀರೆಯ ನೆರಿಗೆಯ ಮೇಲೆ ಟೈಪ್ ಮಾಡುತ್ತ ಹೋಗುತ್ತಿದ್ದವು. ಇಪ್ಪತ್ತು ವರ್ಷ ಕೀಲಿ ಒತ್ತಿ ಒತ್ತಿ ಎರಡೂ ಕಿರುಬೆರಳು ಹೊರಕ್ಕೆ ಬಾಗಿದ್ದವು.

ವೆಸ್ಟ್ ಮಾಂಬಲಂನಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರದ ಗಲ್ಲಿಯೊಂದರ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ನಮ್ಮ ಹಾಗೆ ಅವರದೂ ಅಜ್ಜಂದಿರ ಕಾಲದಿಂದ ಮದ್ರಾಸಿನಲ್ಲಿ ನೆಲೆಸಿದ ಮಾಧ್ವರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎರಡು ಸಾವಿರದ ಇಸವಿ ಕಳೆದ ಹೊಸತು. ಟೈಪಿಂಗ್ ಕಲಿಯುವವರು ಕಡಿಮೆಯಾಗಿದ್ದರು. ಬಿ.ಎಸ್ಸಿ. ಮುಗಿಸಿ ಎಲ್ಲೂ ಕೆಲಸ ಸಿಗದೆ ಕೂತಿದ್ದ ನನ್ನನ್ನು ಅಮ್ಮ, ಅದಾದರೂ ಕಲಿಯೇ ಹುಡುಗಿ ಎಂದು ಅಲ್ಲಿಗೆ ಅಟ್ಟಿದ್ದಳು.

ಒಂದು ದಿನ ಮಾಮಿ ಹಳೇ ಪುಸ್ತಕದಂಗಡಿಯಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕ ತಂದಿದ್ದರು. ಸಾಫ್ಟ್‌ವೇರ್ ಟೆಸ್ಟಿಂಗ್ ಬಗೆಗಿನದು.

"ಇಲ್ನೋಡು ಕಣ್ಣಾ, ತಪ್ಪು ಹುಡುಕೋದಕ್ಕೆ ಸಂಬಳ ಕೊಡ್ತಾರಂತೆ. ನಾ ಇಷ್ಟು ವರ್ಷ ಬಿಟ್ಟಿಯಾಗಿ ಹುಡುಕಿದೆನಲ್ಲ" ಎಂದು ನಕ್ಕರು. ಆಮೇಲೆ, "ಒಬ್ಬಳೇ ಓದಿದ್ರೆ ತಲೆಗೆ ಹತ್ತಲ್ಲ. ನಾಲ್ಕು ಜನ ಸೇರಿದ್ರೆ ಆಗತ್ತೆ" ಎಂದರು.

ಹಾಗೆ ಭಾನುವಾರದ ಗುಂಪು ಶುರುವಾಯಿತು. ನಾನು ಮಾಡಿದ್ದು ಒಂದೇ: ನನ್ನ ಇಂಗ್ಲಿಷ್ ಚೆನ್ನಾಗಿದೆಯೆಂದು ಅವರು ಹೇಳಿದ್ದಕ್ಕೆ ನೋಟೀಸು ಬರೆದು, ಸ್ಟೇಷನ್ ರಸ್ತೆಯ ನಾಲ್ಕಾರು ಅಂಗಡಿಗಳಲ್ಲಿ ಅಂಟಿಸಿ ಬಂದೆ. ಆರು ಜನ ಬಂದರು. ಮಾಮಿ ವಾರವಿಡೀ ಒಂದು ಅಧ್ಯಾಯ ಓದಿಕೊಂಡು ಬಂದು, ತಮಿಳಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಇದ್ದದ್ದು ಒಂದೇ ಹಳೇ ಕಂಪ್ಯೂಟರು. ಗುಂಪಿನ ಹುಡುಗನೊಬ್ಬ ಅದರಲ್ಲಿ ಟಿಕೆಟ್ ಕಾಯ್ದಿರಿಸುವ ಪುಟ್ಟ ಪ್ರೋಗ್ರಾಮು ಮಾಡಿ ತಂದ. ವಯಸ್ಸು ಕೇಳಿದಲ್ಲಿ ನಾವೆಲ್ಲ ಇಪ್ಪತ್ತೆರಡು, ಮೂವತ್ತು ಎಂದು ತುಂಬಿದೆವು, ಸರಾಗವಾಗಿ ನಡೆಯಿತು. ಮಾಮಿ ಅಲ್ಲಿ ತಮ್ಮ ಹೆಸರನ್ನೇ ಬರೆದರು. ಪ್ರೋಗ್ರಾಮು ಸ್ತಬ್ಧವಾಯಿತು. ಹುಡುಗನ ಮುಖ ಸಣ್ಣದಾಯಿತು.

"ಕೋಪ ಮಾಡ್ಕೋಬೇಡಪ್ಪ. ಅವಸರದಲ್ಲಿರೋರು ಹೀಗೇ ತುಂಬೋದು" ಎಂದು ಅವನ ಬೆನ್ನು ತಟ್ಟಿದರು.

ವರ್ಷ ಕಳೆಯುವುದರೊಳಗೆ ಊರಿನ ಗಿಂಡಿ ಭಾಗದಲ್ಲಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಿಂದ ನನಗೆ ಸಂದರ್ಶನದ ಕರೆ ಬಂತು. ನನ್ನ ಅರ್ಜಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಟೆಸ್ಟಿಂಗ್ ಕಲಿಯಲು ನಮ್ಮ ಬಡಾವಣೆಯಲ್ಲಿ ನಾನೊಂದು ಗುಂಪು ಆರಂಭಿಸಿದೆ ಎಂದು ಬರೆದಿದ್ದೆ. ನೋಟೀಸು ಬರೆದದ್ದು ನಾನೇ ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಮ್ಯಾನೇಜರು ಆ ಒಂದು ಸಾಲಿನ ಬಗ್ಗೆಯೇ ಅರ್ಧ ಗಂಟೆ ಕೇಳಿದರು. ಕೆಲಸ ಸಿಕ್ಕಿತು. ಮಾಮಿ ನನಗೆ ಕೇಸರಿಬಾತ್ ಮಾಡಿ ಹಾಕಿದರು.

ಮರುವರ್ಷ ಕಟ್ಟಡದ ಮಾಲೀಕರು ಇನ್‌ಸ್ಟಿಟ್ಯೂಟ್ ಖಾಲಿ ಮಾಡಿಸಿದರು. ಮಾಮಿ ನನಗೂ ತಿಳಿಸದೆ ನಮ್ಮ ಕಂಪನಿಗೇ ಅರ್ಜಿ ಹಾಕಿದ್ದರು. ಒಂದು ಮಧ್ಯಾಹ್ನ ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಮೇಜಿನ ಈಚೆ, ಮಡಿಲಲ್ಲಿ ಫೈಲಿಟ್ಟುಕೊಂಡು ಮಾಮಿ ಕೂತಿದ್ದರು.

"ಏಮ್ಮಾ, ಆ ಟೆಸ್ಟಿಂಗ್ ಗುಂಪು ಶುರು ಮಾಡಿದ್ದು ತಾವೇ ಅಂತಾರೆ ಇವರು. ನಾನು ಶುರು ಮಾಡಿದ್ದು ಅಂತ ನೀನು ಬರೆದಿದ್ದೆ. ಯಾರದ್ದು ಸರಿ?" ಎಂದು ಮ್ಯಾನೇಜರು ತಮಿಳಿನಲ್ಲಿ ಕೇಳಿದರು.

ಮಾಮಿ ನನ್ನತ್ತ ತಿರುಗಿ, ಗುರುತಿನವರು ಸಿಕ್ಕ ನೆಮ್ಮದಿಯಲ್ಲಿ ಮುಗುಳ್ನಕ್ಕರು.

ನಾನು ಹೇಳಿದೆ: "ಇವರು ಜಾಗ ಕೊಟ್ಟಿದ್ದರು ಸಾರ್."

ಆ ನಗು ಒಮ್ಮೆಲೇ ಹೋಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಆಮೇಲೆ ಅವರು ಫೈಲಿನ ದಾರ ಕಟ್ಟಿ ಎದ್ದರು. "ಹೌದು ಸಾರ್, ಜಾಗ ನಂದು" ಎಂದಷ್ಟೇ ಹೇಳಿದರು. ಅವರಿಗೆ ಕೆಲಸ ಸಿಗಲಿಲ್ಲ. ಸಂಜೆ ಗಿಂಡಿ ಸ್ಟೇಷನ್ನಿನ ಬೆಂಚಿನ ಮೇಲೆ ಅವರನ್ನು ಕಂಡು, ಮೆಟ್ಟಿಲ ಮೇಲೆಯೇ ಮರೆಯಾಗಿ ನಿಂತು, ಅವರು ಹತ್ತಿದ ರೈಲು ಹೋದ ಮೇಲೆಯೇ ಪ್ಲಾಟ್‌ಫಾರಂಗೆ ಇಳಿದೆ.

ಗುಂಪನ್ನು ಅವರು ತಮ್ಮ ಮನೆಯ ನಡುಮನೆಯಲ್ಲಿ ಮುಂದುವರಿಸಿದರು. ನಾನು ಆ ಬೀದಿಯನ್ನೇ ಬಿಟ್ಟೆ. ಐದು ವರ್ಷದ ಮೇಲೆ, ಅವರಿಗೆ ಕಾಯಿಲೆಯೆಂದು ಅಮ್ಮ ಹೇಳಿದಾಗ ಹೋದೆ. ಅಳುತ್ತಾ ಎಲ್ಲವನ್ನೂ ಹೇಳಿಕೊಂಡೆ. ಅವರು ತಡೆಯದೆ ಕೇಳಿದರು.

"ನಂಗೇನೋ ಗೊತ್ತಿರೋದೇ, ಅಲ್ವಾ" ಎಂದರು. "ಆ ಮ್ಯಾನೇಜರಿಗೆ ಹೇಳಿದಿಯಾ?"

ಇನ್ನೂ ಇಲ್ಲ ಎಂದೆ.  ಕಾಫಿ ಕುಡಿದು ಹೋಗು ಎಂದರು.

ಅವರು ತೀರಿಕೊಂಡು, ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಮ್ಯಾನೇಜರ ಕೋಣೆಗೆ ಹೋದೆ. ಅಷ್ಟು ಹೊತ್ತಿಗೆ ನಾನೂ ಹತ್ತು ಜನರ ಮೇಲೆ ಒಬ್ಬಳಾಗಿದ್ದೆ. ಆ ಗುಂಪು ನನ್ನದಲ್ಲ ಸಾರ್, ಮಾಮಿಯದು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಮಾಮಿ?" ಎಂದು ಕೇಳಿದರು.

ನಾನು ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದೆ.